ಕಟ್ಟದೆ ಬಿಟ್ಟ ಎಳೆ

ಅತ್ತೆಗೆ ತಿಲಕವತಿ ಮಾಡುವ ನಮಸ್ಕಾರ.

ಕೊಲಂಬೊ ಮುಟ್ಟಿದೆವು. ಮೇಳದಲ್ಲಿ ನಮ್ಮ ಮಳಿಗೆಗೆ ‘ಯುದ್ಧದಲ್ಲಿ ವಿಧವೆಯರಾದವರ ಕೈಕೆಲಸ’ ಎಂದು ಬೋರ್ಡು ಹಾಕಿದ್ದಾರೆ. ಅದರ ಕೆಳಗೆ ನಾನು ಕುಂಕುಮ ಇಟ್ಟುಕೊಂಡೇ ಕೂತಿದ್ದೇನೆ. ಕಾಣೆಯಾದ ನಿಮ್ಮ ಮಗ ಮರಳುವವರೆಗೂ ಪ್ರತಿ ತಾಳೆಗರಿ ಬುಟ್ಟಿಯಲ್ಲೂ ಕೊನೆಯ ಎಳೆಯೊಂದನ್ನು ಕಟ್ಟದೆ ಬಿಡು ಎಂದಿದ್ದಿರಲ್ಲ, ಇಂದು ಒಬ್ಬ ಹೆಂಗಸು ಆ ಎಳೆಯನ್ನೇ ಬೆರಳಿಗೆ ಸುತ್ತಿಕೊಂಡು, “ಈ ಬಾಲಾನೇ ಚಂದ ಕಣ್ರೀ! ಹೀಗೇ ಐವತ್ತು ಹೆಣೆದುಕೊಡಿ” ಎಂದರು. “ಅದು ಬಾಲ ಅಲ್ಲಮ್ಮ” ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಯೋಗಮಲರ್ ನನ್ನ ತೊಡೆ ಚಿವುಟಿದಳು. “ಹೂಂ ಅನ್ನೇ ಪೆದ್ದಿ! ನಿಮ್ಮನೆ ಸೂರಿಗೆ ತಗಡಾದ್ರೂ ಬರುತ್ತೆ.” ಹೂಂ ಎಂದುಬಿಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಒಂದೂ ತಿಳಿಯುತ್ತಿಲ್ಲ.

ಮುಲ್ಲೈತೀವಿನಿಂದ ಇಡೀ ದಿನ ಬಸ್ಸಿನಲ್ಲಿ ಕೂತು ಕಾಲು ಊದಿದೆ, ಬೇರೇನಿಲ್ಲ. ನಿಮ್ಮ ಮಂಡಿನೋವಿಗೆ ಎಣ್ಣೆ ಕೊಂಡಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇದೊಂದಕ್ಕೆ ಉತ್ತರ ಬರೆಸಿ ಹಾಕಿ. ಇಪ್ಪತ್ತೈದು ಹೆಣೆಯುವಷ್ಟರಲ್ಲಿ ನಿಮ್ಮ ಮಗ ಬಂದುಬಿಟ್ಟರೆ, ಉಳಿದ ಇಪ್ಪತ್ತೈದರ ಎಳೆ ಕಟ್ಟಲೋ, ಬಿಡಲೋ?