ಮೂಲೆ ವಾರ್ಡಿನ ಕ್ಷೌರ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ನಿನ್ನ ಸೊಂಟನೋವು ಹೇಗಿದೆ? ಮಗುವನ್ನು ಎತ್ತಿಕೊಂಡೇ ಅಡುಗೆ ಮಾಡುವ ಚಾಳಿ ಬಿಟ್ಟೆಯೋ ಇಲ್ಲವೋ? ನನ್ನ ಮೊಣಕಾಲು ಹಾಗೇ ಇದೆ, ನಿಮ್ಮಮ್ಮನ ಬಾಯಿಯೂ ಹಾಗೇ ಇದೆ. ಎರಡಕ್ಕೂ ಔಷಧಿಯಿಲ್ಲ. ಅಳಿಯಂದಿರ ಅಂಗಡಿಯ ಗಲ್ಲಾದಲ್ಲಿ, ಫ್ಯಾನಿನ ಕೆಳಗೆ, ನನಗಾಗಿ ಕುರ್ಚಿ ಹಾಕಿಸಿದ್ದೀರಿ, ಬಂದುಬಿಡಿ ಎಂದು ಬರೆದಿದ್ದೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಕ್ಷೌರದಂಗಡಿ ಮುಚ್ಚಿದ ಮೇಲೆ ಆಸ್ಪತ್ರೆಯ ದೊಡ್ಡ ನರ್ಸಮ್ಮ ಕರೆಸಿದ್ದರು. ಅವರದು ಗುಣವಾಗದವರನ್ನು ಮಲಗಿಸುವ ಮೂಲೆ ವಾರ್ಡು. “ವಾರಕ್ಕೊಂದ್ಸಲ ಬಂದು ಗಡ್ಡ ತೆಗೀತೀರಾ? ಆಗಲ್ಲ ಅಂದ್ರೂ ಬೇಜಾರಿಲ್ಲ” ಅಂದರು. ಆ ಮಾತು ನನಗೆ ಹೊಸದು. ಕತ್ತರಿಯನ್ನು ನಮ್ಮಪ್ಪ ಕೈಗಿಟ್ಟರು, ಹಿಡಿದೆ. ಆಮೇಲೆ ನಿಮ್ಮೆಲ್ಲರ ಹೊಟ್ಟೆ ನೋಡಿ ಹಿಡಿದೆ. ನಿನಗಿದು ಇಷ್ಟವೇನಯ್ಯಾ ಎಂದು ಯಾರೂ ಕೇಳಿರಲಿಲ್ಲ, ಕೇಳಿಕೊಳ್ಳಲು ನನಗೂ ಪುರುಸೊತ್ತಿರಲಿಲ್ಲ. ನಿಮ್ಮಮ್ಮ ಮಾತ್ರ, “ಮನೇಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ಹೋಗಿ ಅವರ ಗಡ್ಡ ತೆಗೀರಿ” ಎಂದಳು.

ಮೊದಲ ದಿನವೇ ಎಡವಟ್ಟಾಯಿತು. ಅಲ್ಲಿ ಒಬ್ಬ ಬಸ್ ಡ್ರೈವರು ಇದ್ದರು. ಕೆನ್ನೆ ಗುಳಿಬಿದ್ದಿತ್ತು, ಚರ್ಮ ಎಳೆದು ಹಿಡಿದೇ ಕತ್ತಿ ಆಡಿಸಬೇಕು. ಚೆನ್ನಾಗಿಯೇ ಮುಗಿಸಿದೆ. ಮುಗಿಸಿದವನು ಅಭ್ಯಾಸಬಲದಿಂದ ಕನ್ನಡಿ ಎತ್ತಿ ಅವರ ಮುಂದೆ ಹಿಡಿದುಬಿಟ್ಟೆ! ಕಾಯಿಲೆ ಬಿದ್ದಮೇಲೆ ಅವರು ತಮ್ಮ ಮುಖವನ್ನೇ ನೋಡಿಕೊಂಡಿರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡರು, ನೀರು ಕಿವಿಯವರೆಗೆ ಇಳಿಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮುಂದಿನ ವಾರ ಹೋಗದಿದ್ದರೂ ಕೇಳುವವರಿರಲಿಲ್ಲ. ಯಜಮಾನನಿಲ್ಲ, ಮನೆಯಲ್ಲಿ ಒಲೆಯೂ ಆರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಬಹಳ ಹೊತ್ತು ನಿಂತೆ. ಆಮೇಲೆ ಹೋದೆ. ಡ್ರೈವರು ನನ್ನನ್ನು ನೋಡಿ, ಗದ್ದ ಮೇಲೆತ್ತಿ ಕೊಟ್ಟರು. ಇಷ್ಟು ವರ್ಷ ದುಡಿದೆನಲ್ಲ ಪುಟ್ಟೀ, ಈ ಕೆಲಸ ನನ್ನದು ಅನ್ನಿಸಿದ್ದು ಆಗಲೇ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿನ ಎರಡೂ ಕೆನ್ನೆಗೆ ತಾತನ ಮುತ್ತು. ನೀವೆಲ್ಲ ತಣ್ಣಗಿರಿ.

ಇಂತಿ,
ನಿನ್ನ ಅಪ್ಪ

ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ: ನಾನು ಬರುವುದಿಲ್ಲ. ಆ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ಮುನಿಸಿಕೊಳ್ಳಬೇಡ. ಡ್ರೈವರು ಮೊನ್ನೆ ತೀರಿಕೊಂಡರು. ಕೊನೆಯ ಸಲ ಗಡ್ಡ ತೆಗೆಯಲು ಅವರ ಹೆಂಡತಿ ನನ್ನನ್ನೇ ಕರೆಸಿ, “ನಿಮ್ಮ ಕೈಲಾಗದಿದ್ರೆ ಬೇಡ” ಅಂದರು. ಎಂದಿನಂತೆ ಚರ್ಮ ಎಳೆದು ಹಿಡಿದು ಕತ್ತಿ ಆಡಿಸಿದೆ ಮಗಳೇ. ಮುಗಿಸಿ, ಹೊರಗೆ ಬಂದು ಅತ್ತುಬಿಟ್ಟೆ. ಆ ಹಾಸಿಗೆಗೆ ಈಗ ಒಬ್ಬ ಮೇಷ್ಟರು ಬಂದಿದ್ದಾರೆ. ನಾಳೆ ಬರುತ್ತೇನೆಂದು ಅವರಿಗೆ ಹೇಳಿದ್ದೇನೆ.