ಒಂಬತ್ತನೇ ಹಾಡಿನ ತಕರಾರು

ರಾಣೆಬೆನ್ನೂರು
ಫೆಬ್ರವರಿ ೩೧, ೨೪೧೭

ಇಪ್ಪತ್ತೊಂದನೇ ಶತಮಾನದ ಕನ್ನಡಿಗರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದೇ ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಹಾಡುಗಳಿಂದ, ಹಾಗಾಗಿ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಇಷ್ಟಕ್ಕೇ. ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆದದ್ದು.

ನನ್ನ ಹೆಸರು ಈರಣಗೌಡ. ನಿಮ್ಮ ಕಾಲದ ‘ಕೆಂಪು ತಗಡು’ ಎಂಬ ವಾದ್ಯತಂಡದ ಹುಚ್ಚು ಅಭಿಮಾನಿ. ಅವರ ಮೊದಲ ಆಲ್ಬಂ ಬರೀ ಗದ್ದಲ, ಮೂರನೆಯದು ದುಡ್ಡಿನಾಸೆಗೆ ಮಾಡಿದ್ದು. ನಡುವಿನ ‘ಬಸ್ ಸ್ಟ್ಯಾಂಡಿನ ಹಿಂದೆ’ ಮಾತ್ರ ಅಪ್ಪಟ ಚಿನ್ನ. ಅದರ ಒಂಬತ್ತನೇ ಹಾಡಿನಲ್ಲಿ ಡ್ರಮ್ ಥಟ್ಟನೆ ನಿಂತು, ಹಾಡುವವಳು ಒಬ್ಬಳೇ ಉಳಿಯುತ್ತಾಳೆ. ನನ್ನ ಪಾಲಿಗೆ ಅದು ಅಳುವ ಹಾಡು. ನನ್ನ ಗೆಳತಿ ದ್ರಾಕ್ಷಾಯಣಿ ಮಾತ್ರ ಅದು ಕುಣಿಯುವ ಹಾಡು ಎನ್ನುತ್ತಿದ್ದಳು. ಹರೆಯದಿಂದಲೂ ಭಾನುವಾರ ಬಂತೆಂದರೆ ಅವಳ ಮನೆಯಲ್ಲಿ ಮಿರ್ಚಿ, ಮಂಡಕ್ಕಿ ಮತ್ತು ಈ ತಕರಾರು. “ನಿನ್ನ ಕಿವಿಗೆ ಏನ್ ಬಡದೈತೋ ಈರಣ್ಣಾ? ಡ್ರಮ್ ಎಲ್ಲಿ ನಿಂತೈತಿ?” ಎಂದು ಎಗರುತ್ತಿದ್ದಳು. ‘ಮೂರನೇ ಪಾಳಿ’ ಸಿನಿಮಾ ಮಧ್ಯಂತರದ ನಂತರ ಎಳೆದಾಡಿದರೂ ನಾಯಕಿ ಸಾಯುವ ಕೊನೆ ಅದ್ಭುತ ಎಂದು ನಾನು. ನಾಯಕಿ ಸಾಯುವುದೇ ಇಲ್ಲ, ನೀನು ನಿದ್ದೆ ಹೊಡೆದಿರಬೇಕು ಎಂದು ದ್ರಾಕ್ಷಾಯಣಿ. ಪಂಕ್ಚರ್ ಅಂಗಡಿಯ ಹುಡುಗಿಯ ಸಾಹಸಗಳ ‘ಟೈರು ನಿಂಗಿ’ ಕಾಮಿಕ್ಸಿನ ವಿಷಯಕ್ಕಂತೂ ಒಂದು ಮಳೆಗಾಲವಿಡೀ ಮಾತು ಬಿಟ್ಟಿದ್ದೆವು.

ಈಗ ಕಿವಿಮಣಿಯ ಬಗ್ಗೆ ಹೇಳಬೇಕು. ಜೋಳದ ಕಾಳಿನಷ್ಟು ಗಾತ್ರದ ಈ ಸಾಧನವೇ ನಮಗೆ ಹಾಡು ಕೇಳಿಸುವುದು. ಸಿನಿಮಾ, ಪುಸ್ತಕಗಳನ್ನು ಕಣ್ಣೆದುರು ತೋರಿಸುವುದೂ ಅದೇ. ಊಟಕ್ಕೆ ಕೂರುವ ಮುಂಚೆ ಎಲ್ಲರೂ ಮಣಿ ತೆಗೆದು ಒಂದೇ ತಾಟಿನಲ್ಲಿಡುವುದು ಪದ್ಧತಿ. ಇನ್ನೊಬ್ಬರ ಮಣಿ ಹಾಕಿಕೊಳ್ಳುವುದು ಇನ್ನೊಬ್ಬರ ಬ್ರಷ್‌ನಿಂದ ಹಲ್ಲುಜ್ಜಿದಷ್ಟೇ ಅಸಹ್ಯ. ಕಳೆದ ಯುಗಾದಿಯಂದು ಹೋಳಿಗೆ ಊಟದ ಮಂಪರಿನಲ್ಲಿ ನಾನು ದ್ರಾಕ್ಷಾಯಣಿಯ ಮಣಿಯನ್ನೇ ನನ್ನದೆಂದು ಸಿಕ್ಕಿಸಿಕೊಂಡು ಹೊರಟೆ. ದಾರಿಯಲ್ಲಿ ಒಂಬತ್ತನೇ ಹಾಡು ಹಚ್ಚಿದೆ. ಡ್ರಮ್ ನಿಲ್ಲಲೇ ಇಲ್ಲ.

ಅರ್ಧ ದಾರಿಯಿಂದಲೇ ತಿರುಗಿ ಓಡಿದೆ. ತಾಟಿನಲ್ಲೇ ಉಳಿದಿದ್ದ ನನ್ನ ಮಣಿಯನ್ನು ಅವಳಿಗೆ ಕೊಟ್ಟು ಕೇಳಿಸಿದೆ. ಆಮೇಲೆ ಹಾಗೇ ಮಣಿ ಬದಲಿಸಿಕೊಂಡು ಸಿನಿಮಾ ನೋಡಿದೆವು, ಕಾಮಿಕ್ಸ್ ಓದಿದೆವು. ಎಲ್ಲವೂ ಬೇರೆ ಬೇರೆ! ಮಣಿ ಅವರವರ ಮನಸ್ಸು ನೋಡಿ ಪ್ರತಿಯೊಂದನ್ನೂ ಹದ ಮಾಡುತ್ತಿತ್ತು. ದ್ರಾಕ್ಷಾಯಣಿ ನಗುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗಾರ ಇಷ್ಟು ವರ್ಷ ನಾ ಯಾರ ಜೋಡಿ ಜಗಳಾಡಿದೆ?” ಎಂದಳು.

ಮೂಲ ಹಾಡು ಕೊಡಿ ಎಂದು ನಾದ ಇಲಾಖೆಗೆ ಹೋದೆವು. ಮೂಲ ಎಂಬುದು ಎಲ್ಲಿಯೂ ಉಳಿದಿಲ್ಲವಂತೆ. ‘ನಿಮ್ಮ ಅಭಿರುಚಿಗೆ ತಕ್ಕಂತೆ ತಿದ್ದಬಹುದೇ?’ ಎಂದು ಯಂತ್ರ ಮೊದಲ ಬಾರಿ ಕೇಳಿದಾಗ ನೀವೆಲ್ಲ ಓದುವ ಗೋಜಿಗೂ ಹೋಗದೆ ಒಪ್ಪಿಗೆ ಒತ್ತಿದಿರಂತೆ. ನಿಮಗೇನು ಧಾಡಿಯಾಗಿತ್ತು? ಹಾಡು ಹಿಡಿಸದಿದ್ದರೆ ಬಾಯಿತುಂಬ ಬೈಯಬೇಕಿತ್ತು. ಸಿನಿಮಾದ ಕೊನೆ ಸರಿಯಿಲ್ಲದಿದ್ದರೆ ಗೆಳೆಯರನ್ನು ಕೂರಿಸಿಕೊಂಡು ಅರಚಾಡಬೇಕಿತ್ತು. ನಿಮ್ಮ ಮೂಗಿನ ನೇರಕ್ಕೆ ಅದನ್ನು ತಿದ್ದಿಸಿಕೊಳ್ಳಲು ನೀವು ಯಾರು? ಆ ಹಾಡುಗಾರ್ತಿ ಎಲ್ಲಿ ಉಸಿರು ತೆಗೆದುಕೊಂಡಳೆಂಬುದೂ ಇಂದು ಯಾರಿಗೂ ಗೊತ್ತಿಲ್ಲ. ಇದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ದ್ರಾಕ್ಷಾಯಣಿಯ ಕಿವಿ ಈಗ ಮಂದವಾಗುತ್ತಿದೆ. ಬರುವ ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ಒಮ್ಮೆಯಾದರೂ ಇಬ್ಬರೂ ಒಂದೇ ಹಾಡು ಕೇಳಬೇಕೆಂಬುದು ಅವಳ ಆಸೆ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಆ ಪ್ರಶ್ನೆ ನಿಮ್ಮ ಮುಂದೆ ಬಂದ ದಿನ, ಬೇಡ ಎನ್ನಿ. ‘ಬಸ್ ಸ್ಟ್ಯಾಂಡಿನ ಹಿಂದೆ’ಯ ಒಂದು ಪ್ರತಿಯನ್ನು ಯಾವ ಯಂತ್ರದ ಕೈಗೂ ಸಿಗದಂತೆ ನಮಗಾಗಿ ಇಟ್ಟುಬಿಡಿ. ಅದರಲ್ಲಿ ಡ್ರಮ್ ನಿಲ್ಲದಿದ್ದರೆ ನಾನು ಸೋತೆನೆಂದು ಊರಿಗೆಲ್ಲ ಸಾರುತ್ತೇನೆ. ದ್ರಾಕ್ಷಾಯಣಿಯೇ ಗೆಲ್ಲಲಿ. ಆದರೆ ಅವಳು ಗೆಲ್ಲಲಿಕ್ಕೆ ಒಂದು ಹಾಡಾದರೂ ಇರಬೇಕಲ್ಲ!

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ಈರಣಗೌಡ