ಸೊಂಟದ ಪಟ್ಟಿಯಲ್ಲಿ ಬಿಟ್ಟ ಬಟ್ಟೆ

ಚಾಮರಾಜಪೇಟೆ
೧೯೫೪, ಭಾನುವಾರ ಸಂಜೆ

ತುಮಕೂರಿನಲ್ಲಿ ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ ಗಿರಿಜಾಂಬಾಳ ನಮಸ್ಕಾರ.

ಸೋದರಮಾವನ ಮನೆಗೆ ಹೊರಟಾಗ ನೀನು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಾನು ವಾಪಸ್ ಬರೋ ಹೊತ್ಗೆ ಆ ಪ್ಯಾಂಟಿನ ಹುಚ್ಚು ಇಳಿದಿರ್ಬೇಕು." ಇಳಿದಿಲ್ಲ ಅಮ್ಮ. ಹೊಲಿದು ಮುಗಿಸಿದ್ದೇನೆ. ಇಸ್ತ್ರಿ ಹಾಕಿ ನಿನ್ನ ಹೊಲಿಗೆ ಮಶೀನಿನ ಮೇಲೆಯೇ ಮಡಿಸಿಟ್ಟಿದ್ದೇನೆ. ನಾಳೆ ಅದನ್ನು ಹಾಕಿಕೊಂಡೇ ಕಾರ್ಖಾನೆಗೆ ಹೋಗುತ್ತೇನೆ.

ಕೋಪದಲ್ಲಿ ನೀನು ನನ್ನ ಮಾತನ್ನು ಪೂರ್ತಿ ಕೇಳಲೇ ಇಲ್ಲ. ನನ್ನ ಪಕ್ಕದಲ್ಲಿ ಕೆಲಸ ಮಾಡುವ ತುಳಸಮ್ಮನ ಸೆರಗು ಮಶೀನಿನ ಬೆಲ್ಟಿಗೆ ಸಿಕ್ಕಿಕೊಂಡಿತು. ಸೆರಗು ಕತ್ತರಿಸಿ ಬಿಡಿಸಿದೆವು, ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ಆದರೆ ಫೋರ್‌ಮನ್ ಮುನಿಸ್ವಾಮಿಯವರು, ಸೀರೆ ಉಟ್ಟವರು ಇನ್ನು ಮಶೀನಿನ ಹತ್ತಿರ ಬರಕೂಡದು, ಹೆಂಗಸರೆಲ್ಲ ಡಬ್ಬಿ ಕಟ್ಟುವ ಕಡೆಗೆ ಹೋಗಿ ಎಂದುಬಿಟ್ಟರು. ಡ್ರಿಲ್ಲಿಂಗ್ ಕಲಿಯಲು ನಾನು ಪಟ್ಟ ಪಾಡು ನಿನಗೆ ಗೊತ್ತು. ಅಂಗೈಯ ಬೊಬ್ಬೆಗೆ ಬೆಣ್ಣೆ ಹಚ್ಚಿದವಳು ನೀನೇ. "ಪ್ಯಾಂಟು ಹಾಕ್ಕೊಂಡ್ ಬಂದ್ರೆ ಬಿಡ್ತೀರಾ ಸಾರ್?" ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. "ಸೋಮವಾರ ಹಾಕ್ಕೊಂಡ್ ಬನ್ನಿ, ನೋಡೋಣ. ಇಲ್ಲಾಂದ್ರೆ ಡಬ್ಬಿ ಕಟ್ಟೋಕೆ ಹೋಗಿ." ಆ ನಗುವೇ ನನ್ನನ್ನು ಕೆಣಕಿತು.

ಟೈಲರ್ ಸಿದ್ದಬಸಪ್ಪನವರ ಹತ್ತಿರ ಹೋದೆ. "ಹೆಣ್ಮಗಳಿಗೆ ಪ್ಯಾಂಟಾ? ನಿಮ್ಮಪ್ಪನ ಮುಖ ಹೆಂಗಮ್ಮ ನೋಡ್ಲಿ?" ಎಂದವರು ಕುತ್ತಿಗೆಯಿಂದ ಟೇಪು ತೆಗೆಯಲೇ ಇಲ್ಲ. ಅಪ್ಪನಾದರೋ ಅಂದು ಸಂಜೆ ಪೇಟೆಯ ನಮ್ಮ ಅಂಗಡಿಯಿಂದ ಖಾಕಿ ಬಟ್ಟೆ ತಂದು ಮಶೀನಿನ ಮೇಲಿಟ್ಟು ಶಿವಪೂಜೆಗೆ ಕೂತರು. ಅದಕ್ಕಾಗಿ ಅವರ ಮೇಲೆ ರೇಗಬೇಡ.

ತಮ್ಮನ ಹಳೆಯ ಪ್ಯಾಂಟನ್ನು ಬಿಚ್ಚಿ ಹಾಸಿಕೊಂಡು ಬಟ್ಟೆ ಕತ್ತರಿಸಿದೆ. ಸೊಂಟದ ಅಳತೆ ಮಾತ್ರ ನನ್ನದು. ನಮ್ಮ ಮನೆಯ ಹೆಂಗಸರು ಅಳತೆ ತೆಗೆಯುವುದು ಹೇಗೆಂದು ಗೊತ್ತಲ್ಲ, ಉಟ್ಟ ಸೀರೆಯ ಮೇಲೆಯೇ! ನೆರಿಗೆ, ಲಂಗ, ಲಾಡಿಯ ಗಂಟು, ಎಲ್ಲವನ್ನೂ ಸೇರಿಸಿ ಟೇಪು ಸುತ್ತಿದೆ. ಹಾಕಿಕೊಂಡು ನೋಡಿದರೆ ಪ್ಯಾಂಟಿನೊಳಗೆ ನನ್ನ ಜೊತೆ ಇನ್ನೊಬ್ಬಳಿಗೂ ಜಾಗವಿತ್ತು. ಕೈ ಬಿಟ್ಟರೆ ಸೀದಾ ಕೆಳಗೆ. ಒಬ್ಬಳೇ ನಕ್ಕೆ, ಆಮೇಲೆ ಒಬ್ಬಳೇ ಅತ್ತೆ. ನೀನಿದ್ದಿದ್ದರೆ ಬೈಯುತ್ತಲೇ ಸರಿ ಮಾಡಿಕೊಡುತ್ತಿದ್ದೆ.

ಪಕ್ಕದ ಹೊಲಿಗೆಯನ್ನು ಒಳಗೆ ತಂದರೆ ಕೂರುವಾಗ ಬಿಗಿಯುತ್ತಿತ್ತು. ಲಂಗದ ಹಾಗೆ ಲಾಡಿ ಹಾಕೋಣವೆಂದರೆ ತುಳಸಮ್ಮನ ಸೆರಗು ಕಣ್ಣ ಮುಂದೆ ಬಂತು. ಜೋತು ಬೀಳುವಂಥದ್ದು ಯಾವುದೂ ಬೇಡ. ಆಗ ನೀನು ಹೊಲಿಯುವ ರವಿಕೆ ನೆನಪಾಯಿತು. ಎದೆಯ ಕೆಳಗೆ ಬಟ್ಟೆಯನ್ನು ಚಿವುಟಿ ಹಿಡಿದು ಹಾಕುತ್ತೀಯಲ್ಲ, ಆ ಡಾಟು. ರವಿಕೆಗೆ ಆಗುವುದು ಪ್ಯಾಂಟಿಗೇಕೆ ಆಗಬಾರದು? ಸೊಂಟದ ಪಟ್ಟಿ ಬಿಚ್ಚಿ, ಹಿಂದೆ ಎರಡು, ಮುಂದೆ ಎರಡು ಡಾಟು ಹಿಡಿದೆ. ಮೇಲೆ ಅಗಲ, ಕೆಳಗಿಳಿದಂತೆ ಚೂಪು. ಮೊದಲ ಸಲ ತುದಿಯಲ್ಲಿ ಬಟ್ಟೆ ಪೂರಿಯಂತೆ ಉಬ್ಬಿ ನಿಂತಿತು. ಬಿಚ್ಚಿದೆ. ಹೊಲಿಗೆ ಕಲಿಸುವಾಗ ನೀನು ತಲೆಗೆ ಮೊಟಕಿ ಹೇಳುತ್ತಿದ್ದೆ: "ತುದಿಗೆ ಬಂದಾಗ ಕಾಲಲ್ಲಿ ತುಳೀಬೇಡ ಕಣೇ, ಕೈಯಲ್ಲಿ ಚಕ್ರ ತಿರುಗ್ಸು. ಬಟ್ಟೆ ದಾಟಿದ್ಮೇಲೆ ದಾರಕ್ಕೆ ಗಂಟು ಹಾಕು." ಹಾಗೆಯೇ ಮಾಡಿದೆ. ಡಾಟು ಮೈಗೆ ಕೂತಿತು. ಪಟ್ಟಿಯನ್ನು ಎರಡು ಪದರ ಮಾಡಿ ಮತ್ತೆ ಹೊಲಿದು, ಪಕ್ಕಕ್ಕೆ ಗುಂಡಿ ಇಟ್ಟೆ. ಹಾಕಿಕೊಂಡು ಬಗ್ಗಿದೆ, ಕುಕ್ಕರಗಾಲಲ್ಲಿ ಕೂತೆ, ಅಟ್ಟದ ಏಣಿ ಹತ್ತಿ ಇಳಿದೆ. ಜಾರಲಿಲ್ಲ.

ನನ್ನನ್ನು ನೋಡಲು ಬರಲಿರುವ ದಾವಣಗೆರೆಯ ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಎನ್ನುವುದೇ ನಿನ್ನ ಭಯ. ನನಗೂ ಭಯವಿಲ್ಲವೆಂದಲ್ಲ. ನಮ್ಮ ಬೀದಿಯಿಂದ ಬಸ್ಸು ನಿಲ್ಲುವ ಜಾಗದವರೆಗೆ ಪ್ರತಿ ಜಗಲಿಯ ಮೇಲೂ ಒಬ್ಬರು ಕೂತಿರುತ್ತಾರೆ. ನೋಡಲಿ. ಉದ್ದ ಷರಟು ಹಾಕಿಕೊಂಡು ತಲೆಯೆತ್ತಿ ನಡೆಯುತ್ತೇನೆ. ಗಂಡಿನವರಿಗೆ ನನ್ನ ವಿಷಯ ಹೇಳುವಾಗ ನೀನು ಪ್ಯಾಂಟಿನಿಂದಲೇ ಶುರು ಮಾಡು. ಅಷ್ಟು ಕೇಳಿಯೂ ಬರುವವನು ಬರಲಿ.

ಇನ್ನೊಂದು ಮಾತು. ನನಗೆ ರವಿಕೆ ಹೊಲಿದಾಗಲೆಲ್ಲ ನೀನು ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೀಯ. "ಮದ್ವೆಯಾಗಿ ಮೈ ತುಂಬ್ಕೊಂಡಾಗ ಬಿಚ್ಚಿ ಅಗಲ ಮಾಡ್ಕೋಬೋದು" ಎನ್ನುತ್ತೀಯ. ಸೀರೆಯ ಮೇಲೆ ಅಳೆದು ಹೆಚ್ಚಾಯಿತಲ್ಲ, ಆ ಬಟ್ಟೆಯನ್ನು ನಾನೂ ಕತ್ತರಿಸಲಿಲ್ಲ. ಡಾಟಿನಲ್ಲೂ ಸೊಂಟದ ಪಟ್ಟಿಯಲ್ಲೂ ಹಾಗೆಯೇ ಒಳಗೆ ಮಡಿಸಿಟ್ಟಿದ್ದೇನೆ. ಮದುವೆಯಾಗಲಿ, ಮಕ್ಕಳಾಗಲಿ, ಬಿಚ್ಚಿ ಅಗಲ ಮಾಡಿಕೊಂಡು ಇದೇ ಪ್ಯಾಂಟಿನಲ್ಲಿ ಮಶೀನಿನ ಮುಂದೆ ನಿಲ್ಲುತ್ತೇನೆ.

ಬೇಗ ಬಾ. ಬಂದು ಬೈದರೂ ಸರಿ, ಡಾಟಿನ ತುದಿಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ನಾಳೆ ನಾನು ಹೊಸಿಲು ದಾಟುವ ಹೊತ್ತಿಗೆ ಈ ಕಾಗದ ನಿನಗೆ ಮುಟ್ಟಿರುವುದಿಲ್ಲ. ಮುಟ್ಟಿದಾಗ, ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಡು.

ನಿನ್ನ ಹಟಮಾರಿ ಮಗಳು,
ಗಿರಿಜಾ